ಹಳೆ ಕಂಪ್ಯೂಟರ್ ಚಾಲೂ ಆಗದಿದ್ದರೆ ಮೊದಲು ಏನು ಬದಲಿಸಬೇಕು?

"ಸರ, ಅಟ್ಟದ ಮ್ಯಾಲಿಂದ ಹಳೆ ಕಂಪ್ಯೂಟರ್ ಇಳಿಸೀವ್ರಿ. ಚಾಲೂ ಆಗವಲ್ದು. ಮೊದಲ ಏನ್ ಬದ್ಲಿ ಮಾಡ್ಬೇಕ್ರಿ?"

ಹುಬ್ಬಳ್ಳಿಯ ನನ್ನ ರಿಪೇರಿ ಅಂಗಡಿಯಲ್ಲಿ ಈ ಪ್ರಶ್ನೆ ಕೇಳದ ತಿಂಗಳೇ ಇಲ್ಲ. ಗದಗಿನ ಪ್ರೆಸ್ಸಿನವರು ಕೇಳುತ್ತಾರೆ, ಧಾರವಾಡದ ನಿವೃತ್ತ ಮೇಷ್ಟ್ರು ಕೇಳುತ್ತಾರೆ, ಎಂಜಿನಿಯರಿಂಗ್ ಓದುವ ಹುಡುಗರೂ ಕೇಳುತ್ತಾರೆ.

ಏನೂ ಬದಲಿಸಬೇಡಿ. ಇದೇ ನನ್ನ ಉತ್ತರ. ಮೊದಲು ಪ್ಲಗ್ ಕೀಳಿ. ಆಮೇಲೆ ಅದು ಎಲ್ಲಿಯವರೆಗೆ ಬಂದು ನಿಂತಿದೆ ಅಂತ ಹುಡುಕಿ.

ಚಾಲೂ ಆಗಲಿಲ್ಲ ಅಂದರೆ ಏನು? ಫ್ಯಾನೇ ತಿರುಗಲಿಲ್ವಾ? ಫ್ಯಾನ್ ತಿರುಗಿತು, ಆದರೆ ಬೀಪ್ ಬರಲಿಲ್ವಾ? ಬೀಪ್ ಬಂತು, ಪರದೆ ಕಪ್ಪಾಗೇ ಉಳಿಯಿತಾ? ಅಥವಾ ಪರದೆ ಮೇಲೆ ಅಕ್ಷರ ಮೂಡಿ, ಹಾರ್ಡ್ ಡಿಸ್ಕ್ ಸಿಗಲಿಲ್ಲ ಅಂತ ನಿಂತಿತಾ? ಇವು ನಾಲ್ಕು ಬೇರೆ ಬೇರೆ ರೋಗ. ನಮ್ಮವರು ಸ್ವಿಚ್ಚನ್ನು ಹತ್ತು ಸಲ ಒತ್ತಿ ನೋಡಿ, ನಂತರ ನನ್ನ ಹತ್ತಿರ ತರುತ್ತಾರೆ. ಆ ಹತ್ತು ಸಲದಲ್ಲೇ ಉಳಿಯಬೇಕಾದದ್ದು ಸುಟ್ಟು ಹೋಗಿರುತ್ತದೆ.

ಹೋದ ವರ್ಷ ಹಾವೇರಿ ಕಡೆಯ ಒಬ್ಬ ಹಿರಿಯರು ತಂದ 486 (ಪೆಂಟಿಯಂಗಿಂತ ಹಿಂದಿನ) ಮಷೀನಿನ ಕತೆ ಹೇಳಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಅವರು 1990ರ ದಶಕದಲ್ಲಿ ಸುತ್ತಲಿನ ಊರುಗಳ ಅಜ್ಜಿಯಂದಿರಿಂದ ಬೀಸುವ ಪದ ಕೇಳಿ, ಬರೆದುಕೊಂಡು, ಆ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದರು. ಒಳಗೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಇತ್ತು. ವಿಂಡೋಸ್ ಎಲ್ಲೆಡೆ ಬರುವ ಮೊದಲಿನ ಡಾಸ್ ಕಾಲದಲ್ಲಿ ಪರದೆ ಮೇಲೆ ಕನ್ನಡ ಮೂಡಿಸುತ್ತಿದ್ದ ಕಾರ್ಡ್ ಅದು. ಹಾಡಿದ ಅಜ್ಜಿಯರಲ್ಲಿ ಒಬ್ಬರೂ ಈಗ ಇಲ್ಲ ಅಂದರು. ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿತ್ತು.

ಅದೃಷ್ಟಕ್ಕೆ ಅವರು ಸ್ವಿಚ್ ಒತ್ತಿದ್ದು ಒಂದೇ ಸಲ. ಫ್ಯಾನ್ ಒಮ್ಮೆ ಅಲುಗಿ ನಿಂತಿತ್ತು. ಆ ಅಲುಗಾಟವೇ ನನಗೆ ದೊಡ್ಡ ಸುಳಿವು. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಒದಗಿಸುವ ಡಬ್ಬಿ) ಪೂರ್ತಿ ಹೋಗಿದ್ದರೆ ಅಷ್ಟೂ ಅಲುಗುವುದಿಲ್ಲ. ಎಲ್ಲೋ ಶಾರ್ಟ್ ಇದ್ದಾಗ ಅದು ತನ್ನನ್ನು ಉಳಿಸಿಕೊಳ್ಳಲು ಕೂಡಲೇ ನಿಲ್ಲುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿದರೆ 12 ವೋಲ್ಟ್ ಲೈನ್ ನೆಲಕ್ಕೆ (ಗ್ರೌಂಡಿಗೆ) ಸೇರಿಬಿಟ್ಟಿತ್ತು. ಬೋರ್ಡ್ ಮೇಲೆ ಹನಿಯಾಕಾರದ ಹಳದಿ ಟ್ಯಾಂಟಲಮ್ ಕೆಪಾಸಿಟರ್ ಇರುತ್ತವಲ್ಲ, ಅದರಲ್ಲಿ ಒಂದು ಹೋಗಿತ್ತು. ಹಳೆ ಬೋರ್ಡುಗಳಲ್ಲಿ ಇದು ತೀರಾ ಮಾಮೂಲಿ. ಬಿಡಿ ಭಾಗದ ಬೆಲೆ ಏನೂ ಅಲ್ಲ. "ಎಸ್‌ಎಂಪಿಎಸ್ ಹಾಕಿಬಿಡಿ" ಅಂತ ಹೊಸದು ಕೊಂಡಿದ್ದರೆ ದುಡ್ಡೂ ಹೋಗುತ್ತಿತ್ತು, ರೋಗವೂ ಉಳಿಯುತ್ತಿತ್ತು.

ಇಲ್ಲೊಂದು ಎಚ್ಚರಿಕೆ. ಎಸ್‌ಎಂಪಿಎಸ್ ಡಬ್ಬಿಯನ್ನು ಗೊತ್ತಿಲ್ಲದವರು ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಆ ಕಾಲದ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವ ಕನೆಕ್ಟರ್ ಎರಡು. ತಿರುಗಿ ಹಾಕುವಾಗ ಕಪ್ಪು ವೈರುಗಳು ನಡುವೆ ಅಕ್ಕಪಕ್ಕ ಬರಬೇಕು. ಅದಲು ಬದಲಾದರೆ ಬೋರ್ಡ್ ಸತ್ತಂತೆ.

ಹೋದ ಕೆಪಾಸಿಟರ್ ಬದಲಿಸಿದ ಮೇಲೆ ಫ್ಯಾನ್ ತಿರುಗಿತು, ಬೀಪ್ ಇಲ್ಲ. ಕೀಬೋರ್ಡ್ ಸಾಕೆಟ್ ಪಕ್ಕ ನೀಲಿ ಪೀಪಾಯಿಯಂಥ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಸುತ್ತ ಹಸಿರು ಕಿಲುಬು ಹಬ್ಬಿತ್ತು. ಹಳೆ ಕಂಪ್ಯೂಟರುಗಳನ್ನು ಇದರಷ್ಟು ಕೊಂದದ್ದು ಇನ್ನೊಂದಿಲ್ಲ ಅಂತ ನಾನು ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಅಂಥ ಮಷೀನ್ ಇದ್ದರೆ, ಚಾಲೂ ಮಾಡುವ ವಿಚಾರ ಆಮೇಲೆ, ಇವತ್ತೇ ಆ ಬ್ಯಾಟರಿಯ ಕಾಲುಗಳನ್ನು ಕತ್ತರಿಸಿ ಅದನ್ನು ತೆಗೆಯಿರಿ. ಸೋರಿದ್ದು ಕ್ಷಾರ. ಹಾಗಾಗಿ ವಿನೆಗರ್ ಹಚ್ಚಿ ಮೆತ್ತಗೆ ಉಜ್ಜಬೇಕು, ನೀರಿನಲ್ಲಿ ತೊಳೆಯಬೇಕು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪೂರ್ತಿ ಒಣಗಿಸಬೇಕು. ಈ ಬೋರ್ಡಿನಲ್ಲಿ ಎರಡು ತಾಮ್ರದ ಗೆರೆ ಕೊರೆದು ಹೋಗಿದ್ದವು. ಸಣ್ಣ ತಂತಿ ಬೆಸೆದು ಜೋಡಿಸಿದೆ. ರ‍್ಯಾಮ್ ಕಿತ್ತು, ಅದರ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದೆ. ನಮ್ಮ ಎರೆಮಣ್ಣಿನ ಧೂಳು ಎಲ್ಲಿ ಬೇಕಾದರೂ ನುಗ್ಗುತ್ತದೆ. ಬಹಳಷ್ಟು ಪೆಂಟಿಯಂ ಮಷೀನುಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಒಂದೇ ಒಂದು ಚಿಕ್ಕ ಬೀಪ್ ಬಂತು. ಚಾಲೂ ಆಗುವಾಗ ಕಂಪ್ಯೂಟರ್ ತನ್ನನ್ನೇ ಮಾಡಿಕೊಳ್ಳುವ ಪರೀಕ್ಷೆ ಪಾಸ್ ಅಂತ ಅದರ ಅರ್ಥ. ಆ ಹಿರಿಯರು ಕುರ್ಚಿಯಿಂದ ಎದ್ದೇಬಿಟ್ಟರು.

ಪರದೆ ಬಂತು, ಡಿಸ್ಕ್ ಸಿಗಲಿಲ್ಲ. ಅವರ ಮುಖ ಮತ್ತೆ ಸಣ್ಣದಾಯಿತು. ಇದು ಡಿಸ್ಕ್ ಹೋದ ಲಕ್ಷಣ ಅಲ್ಲ, ಮರೆವು. ಬ್ಯಾಟರಿ ಸತ್ತರೆ ತನ್ನಲ್ಲಿ ಯಾವ ಡಿಸ್ಕ್ ಇದೆ ಅನ್ನುವುದನ್ನು ಆ ಕಾಲದ ಕಂಪ್ಯೂಟರ್ ಮರೆಯುತ್ತದೆ. ಉತ್ತರ ಡಿಸ್ಕಿನ ಮೇಲಿನ ಚೀಟಿಯಲ್ಲೇ ಇತ್ತು, ಡಿಸ್ಕಿನ ಅಳತೆ: 1010 ಸಿಲಿಂಡರ್, 6 ಹೆಡ್, 55 ಸೆಕ್ಟರ್. ಗುಣಿಸಿ, ಸೆಕ್ಟರಿಗೆ 512 ಬೈಟ್ ಹಿಡಿದರೆ ಸುಮಾರು 170 ಎಂಬಿ. ಬಯಾಸ್ ಸೆಟಪ್ಪಿನಲ್ಲಿ, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗಿನ ಪರದೆಯಲ್ಲಿ, ಅಳತೆಯನ್ನು ನಾವೇ ತುಂಬುವ ಟೈಪ್ 47 ಆರಿಸಿ ಈ ಅಂಕಿ ತುಂಬಿದೆ. ಡಾಸ್ ಎದ್ದಿತು.

ಡಿಸ್ಕ್ ಕಿತ್ತು ಯುಎಸ್‌ಬಿ ಅಡಾಪ್ಟರಿಗೆ ಹಾಕಿ ಓದಬಹುದಿತ್ತಲ್ಲ ಅಂತ ಕೇಳುತ್ತೀರಿ. ಹೊಸ ಮಷೀನುಗಳ ಡಿಸ್ಕಿಗೆ ನಾನೂ ಹಾಗೇ ಮಾಡುತ್ತೇನೆ, ಮೊದಲು ಫೈಲು ಆಮೇಲೆ ರಿಪೇರಿ. ಆದರೆ ಇಷ್ಟು ಹಳೆಯ ಡಿಸ್ಕಿನ ಭಾಷೆ ಆ ಅಡಾಪ್ಟರುಗಳಿಗೆ ಎಷ್ಟೋ ಸಲ ಬರುವುದಿಲ್ಲ.

ಜಿಸ್ಟ್ ಚಾಲೂ ಮಾಡಿ ಮೊದಲ ಫೈಲ್ ತೆರೆದಾಗ ಪರದೆ ತುಂಬ ಕನ್ನಡ. ಅದೇ ಫೈಲನ್ನು ಇವತ್ತಿನ ಕಂಪ್ಯೂಟರಿನಲ್ಲಿ ಹಾಗೇ ತೆರೆದರೆ ಬರೀ ಚಿತ್ರವಿಚಿತ್ರ ಚಿಹ್ನೆ ಕಾಣುತ್ತವೆ, ಏಕೆಂದರೆ ಅದು ಭಾರತೀಯ ಲಿಪಿಗಳಿಗಾಗಿ ಮಾಡಿದ ಹಳೆಯ ಇಸ್ಕಿ ಸಂಕೇತದಲ್ಲಿದೆ. ಇವತ್ತಿನ ಕಂಪ್ಯೂಟರುಗಳು ಬಳಸುವ ಸಂಕೇತವಾದ ಯುನಿಕೋಡಿನಲ್ಲಿ ನಮ್ಮ ಲಿಪಿಗಳನ್ನು ಜೋಡಿಸಿದ್ದೇ ಇಸ್ಕಿಯನ್ನು ನೋಡಿಕೊಂಡು. ಹಾಗಾಗಿ ಅದಕ್ಕೆ ಬದಲಾಯಿಸುವುದು ಕಷ್ಟವಾಗಲಿಲ್ಲ. ಎಲ್ಲಾ ಪದಗಳೂ ಒಂದೇ 1.44 ಎಂಬಿ ಫ್ಲಾಪಿಯಲ್ಲಿ ಹಿಡಿದವು.

ಹಿರಿಯರು ಎರಡು ಪೆನ್‌ಡ್ರೈವ್ ತಂದಿದ್ದರು. ಒಂದು ತಮಗೆ, ಇನ್ನೊಂದು ಮೊಮ್ಮಗಳಿಗೆ. ಮಷೀನನ್ನೂ ಮನೆಗೆ ಒಯ್ದರು. ಈ ಸಲ ಅಟ್ಟಕ್ಕಲ್ಲ, ಪಡಸಾಲೆಯ ಮೇಜಿಗೆ.