ಉರಿಗಾಂ ಸ್ಟೇಷನ್ನಿನಲ್ಲಿ ಕೇಳಿದ ಮಾತು

“ನಾನು ಕೆಳಗೆ ಹೋಗ್ತಿದ್ದೆನಮ್ಮಾ, ಇವಳು ದೂರ ಹೋಗ್ತಾಳೆ. ಮನೇಲಿ ಕಾಯೋದು ಮಾತ್ರ ಹಾಗೇ ಇದೆ.”

ಸೋಮವಾರ ಬೆಳಗಿನ ಜಾವ ಉರಿಗಾಂ ಸ್ಟೇಷನ್ನಿನಲ್ಲಿ, ನನ್ನ ಜೊತೆ ಕೆಲಸ ಮಾಡುವ ಹುಡುಗಿಯ ಅಪ್ಪ ಹೇಳಿದ ಮಾತಿದು. ಅವತ್ತಿನಿಂದ ತಲೆಯಲ್ಲಿ ಅದೇ ಓಡುತ್ತಿದೆ.

ಭಾನುವಾರ ಅವಳ ತಂಗಿಯ ನಿಶ್ಚಿತಾರ್ಥಕ್ಕೆ ಕೆಜಿಎಫ್‌ಗೆ ಹೋಗಿದ್ದೆ. ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಅವಳ ಜೊತೆಗೇ ಬೆಂಗಳೂರಿನ ಆಫೀಸಿಗೆ ಹೊರಟೆ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಒಂದು ಕವಲು ಹಳಿ ಇದೆ. ನಡುವೆ ಕೋರಮಂಡಲ್, ಉರಿಗಾಂ, ಚಾಂಪಿಯನ್ ಅಂತ ಪುಟ್ಟ ಸ್ಟೇಷನ್‌ಗಳು. 1890ರ ದಶಕದಲ್ಲಿ ಚಿನ್ನದ ಗಣಿಗೋಸ್ಕರ ಹಾಕಿದ ಹಳಿ ಅದು. ಈಗ ಗಣಿ ಇಲ್ಲ, ಗಾಡಿ ತುಂಬಾ ಜನ.

ಇನ್ನೂ ಕತ್ತಲು. ಪ್ಲಾಟ್‌ಫಾರಂ ತುಂಬ ಹೆಂಗಸರು, ಹುಡುಗರು, ಬೆನ್ನಿಗೆ ಬ್ಯಾಗು. ಒಬ್ಬಾಕೆ ಮೊಬೈಲ್ ಬೆಳಕಲ್ಲಿ ಒದ್ದೆ ಕೂದಲಿಗೆ ಕ್ಲಿಪ್ ಹಾಕಿಕೊಳ್ಳುತ್ತಿದ್ದಳು. ಅಪ್ಪ ಮಗಳ ಊಟದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಅವಳು ಕೇಳಿದರೂ ಕೊಡಲಿಲ್ಲ. “ಪಾಸ್ ಇಟ್ಕೊಂಡ್ಯಾ?” ಅಂದರು. ಇಟ್ಟುಕೊಂಡಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು.

ಅವರು ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಮೂರು ಕಿಲೋಮೀಟರಿಗೂ ಜಾಸ್ತಿ ಆಳದ ಗಣಿ. ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆಗಳೇ ಅದುರುತ್ತಿದ್ದವಂತೆ. ಶಿಫ್ಟಿಗೆ ಇಳಿದವರು ಹತ್ತಿ ಬರುವವರೆಗೆ ಅವರ ಹೆಂಡತಿ ಬಾಗಿಲಲ್ಲೇ ಕೂತಿರುತ್ತಿದ್ದರಂತೆ. ಈಗ ಇವರೇ ಕೂರುತ್ತಾರೆ, ರಾತ್ರಿ ಮಗಳ ಗಾಡಿ ಬರುವವರೆಗೆ. ಇದನ್ನೆಲ್ಲ ತಮಿಳು ಬೆರೆತ ಕನ್ನಡದಲ್ಲಿ ಹೇಳಿಕೊಂಡು, ಕೊನೆಗೆ ಆ ಮಾತು ಆಡಿದರು. ದನಿಯಲ್ಲಿ ದೂರು ಇರಲಿಲ್ಲ. ನನಗೆ ಕಷ್ಟವಾದದ್ದು ಅದೇ.

ಗಾಡಿ ಬಂತು. ಮಾರಿಕುಪ್ಪಂನಲ್ಲೇ ಹತ್ತಿದ್ದ ಗೆಳತಿ ದುಪಟ್ಟಾ ಹಾಸಿ ನಮಗೆ ಜಾಗ ಹಿಡಿದಿದ್ದಳು. ಅಪ್ಪ ಚೀಲವನ್ನು ಕಿಟಕಿಯಿಂದ ಕೊಟ್ಟರು. ಮುಂದೆ ಒಂದು ಕಡೆ ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು ನಮ್ಮ ಗಾಡಿ ನಿಲ್ಲಿಸಿದರು. ಡಬ್ಬಿಯಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಗಡಿಯಾರ ನೋಡಿದರು. ವೈಟ್‌ಫೀಲ್ಡ್, ಕೆ.ಆರ್. ಪುರಂ, ಕಂಟೋನ್ಮೆಂಟ್, ಎಲ್ಲೆಲ್ಲಿ ಇಳಿದು ಎಲ್ಲೆಲ್ಲಿಗೆ ಓಡಬೇಕೋ!

ನಮ್ಮ ಸೂಪರ್‌ವೈಸರ್ ಕೆಟ್ಟ ಮನುಷ್ಯರಲ್ಲ. ಆದರೆ ಅವಳು ಹತ್ತು ನಿಮಿಷ ತಡವಾಗಿ ಬಂದಾಗಲೆಲ್ಲ ಎಲ್ಲರ ಎದುರೇ ಕೇಳುತ್ತಾರೆ, “ಅಷ್ಟು ದೂರದಿಂದ ಯಾಕಮ್ಮಾ ಬರ್ತೀಯಾ, ಇಲ್ಲೇ ಒಂದು ಮನೆ ಮಾಡ್ಕೋಬಾರ್ದಾ?” ಅವಳ ಸಂಬಳ ಎಷ್ಟು ಅಂತ ಅವರಿಗೆ ಗೊತ್ತು. ಇಲ್ಲಿ ಬಾಡಿಗೆ, ಅಡ್ವಾನ್ಸ್ ಎಷ್ಟು ಅಂತಲೂ ಗೊತ್ತು. ಗೊತ್ತಿದ್ದೂ ಕೇಳುವುದು ನನಗೆ ಸರಿ ಅನಿಸುವುದಿಲ್ಲ.

ಕೆಜಿಎಫ್ ಅಂದರೆ ಸತ್ತ ಊರು ಅನ್ನುವವರ ಮೇಲೂ ಸಿಟ್ಟು ಬರುತ್ತದೆ. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಹೋಗುವವರು ಬೆಳಗಿನ ಈ ಗಾಡಿ ನೋಡಿರುವುದಿಲ್ಲ. ಶಿವನಸಮುದ್ರದ ಕರೆಂಟ್ 1902ರಲ್ಲೇ ಬಂದ ಊರದು. ಬೆಂಗಳೂರಿನ ಬೀದಿಗೆ ಅದು ತಲುಪಿದ್ದು 1905ರಲ್ಲಿ. ನೂರು ವರ್ಷಕ್ಕೂ ಹೆಚ್ಚು ಕಾಲ ಚಿನ್ನ ತೆಗೆಸಿಕೊಂಡು 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಬೆಮೆಲ್ ಕಾರ್ಖಾನೆ ಬಿಟ್ಟರೆ ಅಷ್ಟು ಜನರಿಗೆ ಆಗುವಂಥ ದೊಡ್ಡ ಕೆಲಸ ಅಲ್ಲಿ ಬರಲಿಲ್ಲ. ಗಣಿ ಕೆಲಸಗಾರರ ಲೈನ್ ಮನೆಗಳು ಉಳಿದವು, ಜನ ಉಳಿದರು, ಈ ಗಾಡಿ ಉಳಿಯಿತು. ಇದೂ ಇಲ್ಲದಿದ್ದರೆ ಆ ಮನೆಗಳಲ್ಲಿ ಒಲೆ ಹೇಗೆ ಉರಿಯಬೇಕು ಹೇಳಿ?

ಊರಿಗೆ ಕೆಲಸ ತರುವುದು ನನ್ನ ಕೈಲಿಲ್ಲ. ಆದರೆ ಹತ್ತು ನಿಮಿಷದ ವಿಷಯ ಮಾತಾಡಬಹುದಲ್ವಾ? ಬುಧವಾರ ಸೂಪರ್‌ವೈಸರ್ ಹತ್ತಿರ ಹೋದೆ. ಬೆಳಗ್ಗೆ ಹದಿನೈದು ನಿಮಿಷ ಬಿಡಿ, ಅಷ್ಟನ್ನು ಊಟದ ಬಿಡುವಿನಲ್ಲಿ ಕಡಿಮೆ ಮಾಡಿಕೊಳ್ಳುತ್ತಾಳೆ ಅಂದೆ. ಸಂಜೆ ಹೆಚ್ಚು ಹೊತ್ತು ನಿಲ್ಲಿಸಿದರೆ ವಾಪಸ್ ಗಾಡಿ ತಪ್ಪುತ್ತದೆ ಅಂತಲೂ ಹೇಳಿದೆ. ಮೊದಲು ಆಗಲ್ಲ ಅಂದರು. ಅವಳ ಅಪ್ಪನ ಮಾತು ಹೇಳಿದೆ. ಸುಮ್ನೆ ಕೇಳಿಸಿಕೊಂಡು, ಬರೆದು ಕೊಡಿ, ಮೇಲಿನವರಿಗೆ ಕಳಿಸುತ್ತೇನೆ ಅಂದರು.

ಇವತ್ತು ಮಧ್ಯಾಹ್ನ ಇಬ್ಬರೂ ಕೂತು ಅರ್ಜಿ ಬರೆದೆವು. ಗಾಡಿಯ ಟೈಮಿಂಗ್ ಕೂಡ ಜೊತೆಗೆ ಲಗತ್ತಿಸಿದ್ದೇವೆ.