"ನಿಮಗೇನಾದ್ರೂ ಕೇಳೋದಿದೆಯಾ?" ಅಂದಾಗ

45 ನಿಮಿಷದ ಇಂಟರ್‌ವ್ಯೂನಲ್ಲಿ ಅಭ್ಯರ್ಥಿಗೆ ಸಿಗೋದು ಕೊನೆಯ ಐದು ನಿಮಿಷ. ಹೆಚ್ಚಿನವರು ಆಗ "ಇಲ್ಲಿ ವರ್ಕ್ ಕಲ್ಚರ್ ಹೇಗಿದೆ?" ಅಂತ ಕೇಳಿ ಆ ಐದು ನಿಮಿಷವನ್ನೂ ಕಳೆದುಕೊಳ್ಳುತ್ತಾರೆ. ಅದಕ್ಕೆ ಉತ್ತರ ಕಂಪನಿಯ ಕರಿಯರ್ಸ್ ಪೇಜಿನಲ್ಲೇ ಇರುತ್ತೆ: ತುಂಬಾ ಓಪನ್, ಹೈರಾರ್ಕಿ ಇಲ್ಲ, ನಾವೆಲ್ಲ ಒಂದು ಫ್ಯಾಮಿಲಿ ಥರ. ಹೇಳುವವರು ಸುಳ್ಳುಗಾರರು ಅಂತೇನಲ್ಲ. ನೆಂಟರ ಮನೆಯಲ್ಲಿ "ಊಟ ಹೇಗಿತ್ತು" ಅಂದರೆ ನಾವು ಏನು ಹೇಳ್ತೀವೋ ಅವರೂ ಅದನ್ನೇ ಹೇಳೋದು.

ಅದರ ಬದಲು ಕಳೆದ ಸಲ ಏನಾಯಿತು ಅಂತ ಕೇಳಿ. ಯಾವಾಗ, ಎಷ್ಟು, ಆಮೇಲೆ ಏನು ಮಾಡಿದರು. ನಡೆದದ್ದನ್ನು ಹೇಳುವಾಗ ಬಾಯಿಪಾಠ ಕೆಲಸಕ್ಕೆ ಬರಲ್ಲ. ನಾನು ಇಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೀತಿದ್ದೀನಿ.

ಆನ್‌ಕಾಲ್ ವಿಷಯವನ್ನೇ ತಗೊಳ್ಳಿ, ಅಂದರೆ ಸಿಸ್ಟಮ್ ಕೆಟ್ಟರೆ ಹೊತ್ತಲ್ಲದ ಹೊತ್ತಿನಲ್ಲೂ ಫೋನ್ ಎತ್ತಿ ಸರಿಮಾಡುವ ಸರದಿ. "ಆನ್‌ಕಾಲ್ ಇದೆಯಾ?" ಅಂದರೆ "ಇದೆ, ಆದ್ರೆ ಅಷ್ಟೇನೂ ಇರಲ್ಲ" ಅಂತಾರೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಹೀಗೆ ಕೇಳಿ: "ರೊಟೇಶನ್‌ನಲ್ಲಿ ಎಷ್ಟು ಜನ ಇದ್ದೀರಿ? ನಿಮ್ಮ ಕಳೆದ ಸರದಿಯಲ್ಲಿ ರಾತ್ರಿ ಹತ್ತರ ಮೇಲೆ ಎಷ್ಟು ಸಲ ಫೋನ್ ಬಂತು?" ಆರು ಜನ, ಒಬ್ಬೊಬ್ಬರಿಗೆ ಒಂದು ವಾರ ಅಂದರೆ ಒಂದೂವರೆ ತಿಂಗಳಿಗೊಮ್ಮೆ ಸರದಿ, ಪರವಾಗಿಲ್ಲ. ಮೂವರು ಅಂದರೆ ಪ್ರತಿ ಮೂರನೇ ವಾರ ಊರಿಗೆ ಹೋಗುವ ಹಾಗಿಲ್ಲ. ಇಲ್ಲೊಂದು ಮೋಸ ಇದೆ. ಪಟ್ಟಿಯಲ್ಲಿ ಎಂಟು ಹೆಸರಿರುತ್ತೆ, ಅದರಲ್ಲಿ ಸೀನಿಯರ್‌ಗಳು "ಎಸ್ಕಲೇಶನ್‌ಗೆ ಮಾತ್ರ" (ಬೇರೆಯವರ ಕೈಲಿ ಆಗದಿದ್ದಾಗ ಮಾತ್ರ ಕರೆಯೋದು) ಅಂತ ಇರ್ತಾರೆ. ಆದ್ದರಿಂದ "ಮೊದಲು ಫೋನ್ ಎತ್ತುವವರು ಎಷ್ಟು ಜನ?" ಅನ್ನೋದನ್ನ ಬಿಡಬೇಡಿ. ಇನ್ನೂ ಸಮಯವಿದ್ದರೆ, "ಪದೇ ಪದೇ ಬರುವ ಅಲರ್ಟ್ ಸರಿಮಾಡೋಕೆ ಕಳೆದ ಸ್ಪ್ರಿಂಟ್‌ನಲ್ಲಿ ಏನು ಕೆಲಸ ಹಾಕಿದ್ರಿ?" ಅಂತ ಕೇಳಿ (ಸ್ಪ್ರಿಂಟ್ ಅಂದರೆ ಕೆಲವು ವಾರದ ಕೆಲಸದ ಸುತ್ತು). ಏನೂ ಇಲ್ಲ ಅಂದರೆ ಆ ಅಲರ್ಟ್ ಮುಂದೆ ನಿಮ್ಮ ನಿದ್ದೆ ಕೆಡಿಸುತ್ತೆ.

ಮೀಟಿಂಗ್ ಹೊತ್ತಿನ ಬಗ್ಗೆ ಕೇಳುವವರು ಕಡಿಮೆ. "ಯುಎಸ್ ಜೊತೆ ಸ್ವಲ್ಪ ಓವರ್‌ಲ್ಯಾಪ್ ಇರುತ್ತೆ" ಅನ್ನೋದನ್ನ ಗಡಿಯಾರಕ್ಕೆ ಇಳಿಸಿ. ಕ್ಯಾಲಿಫೋರ್ನಿಯಾದ ಬೆಳಗ್ಗೆ 9 ಗಂಟೆ ಅವರ ಬೇಸಿಗೆಯಲ್ಲಿ ನಮಗೆ ರಾತ್ರಿ 9:30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಅದೇ ಮೀಟಿಂಗ್ 10:30ಕ್ಕೆ ಹೋಗುತ್ತೆ, ಮಾರ್ಚ್ ಎರಡನೇ ಭಾನುವಾರದವರೆಗೆ. ನ್ಯೂಯಾರ್ಕ್ ತಂಡವಾದರೆ ಅವರ ಬೆಳಗ್ಗೆ 10 ನಮಗೆ ಸಂಜೆ 7:30 ಅಥವಾ 8:30, ಊಟಕ್ಕೆ ಮುಂಚೆ ಮುಗಿಯುತ್ತೆ. "ನವೆಂಬರ್ ಆದಮೇಲೆ ನಿಮ್ಮ ಕೊನೆಯ ಕಾಲ್ ಎಷ್ಟು ಹೊತ್ತಿಗೆ ಮುಗಿಯುತ್ತೆ? ಆ ಕಡೆಯವರು ಯಾವತ್ತಾದ್ರೂ ಅವರ ಸಂಜೆ ಹೊತ್ತಿನಲ್ಲಿ ಕೂರ್ತಾರಾ?" ಎರಡನೇ ಪ್ರಶ್ನೆಗೆ ನಗು ಬಂದರೆ ಅದೇ ಉತ್ತರ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ (1961) ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಓವರ್‌ಟೈಮ್ ಸೇರಿದರೂ ದಿನಕ್ಕೆ 10. ಇಂಟರ್‌ವ್ಯೂನಲ್ಲಿ ಕಾನೂನು ಓದಿ ಹೇಳೋಕೆ ಹೋಗಬೇಡಿ, ಲೆಕ್ಕ ಹಾಕಿಕೊಳ್ಳೋಕೆ ಗೊತ್ತಿದ್ದರೆ ಸಾಕು.

ಮ್ಯಾನೇಜರ್‌ಗೆ ಒಂದೇ ಪ್ರಶ್ನೆ ಕೇಳೋಕೆ ಅವಕಾಶ ಅಂದರೆ ನಾನು ಇದನ್ನ ಆರಿಸ್ತೀನಿ: "ಈ ಹುದ್ದೆ ಹೊಸದಾ, ಯಾರಾದ್ರೂ ಬಿಟ್ಟ ಜಾಗನಾ?" ಬಿಟ್ಟ ಜಾಗ ಅಂದರೆ, ಅವರು ಎಷ್ಟು ಕಾಲ ಇದ್ದರು, ಒಳಗೇ ಬೇರೆ ತಂಡಕ್ಕೆ ಹೋದರಾ, ಕಂಪನಿಯನ್ನೇ ಬಿಟ್ಟರಾ. ಒಳಗೇ ಹೋಗಿದ್ದರೆ ಒಳ್ಳೆಯ ಲಕ್ಷಣ, ಇಂಥಾ ಕಡೆ ಜನ ಬೆಳೆಯೋಕೆ ಬಿಡ್ತಾರೆ. "ಪರ್ಸನಲ್ ರೀಸನ್" ಅಂತ ಒಂದು ಸಲ ಕೇಳಿದರೆ ನಂಬಿ. ಒಂದೇ ಹುದ್ದೆಗೆ ಒಂದೂವರೆ ವರ್ಷದಲ್ಲಿ ಇಬ್ಬರಿಗೆ ಪರ್ಸನಲ್ ರೀಸನ್ ಬಂದಿದ್ದರೆ ಆ ರೀಸನ್ ನಿಮ್ಮ ಎದುರಿಗೇ ಕೂತಿರಬಹುದು.

ಅಪ್ರೈಸಲ್ ಬಗ್ಗೆ ಚಿಕ್ಕದಾಗಿ ಕೇಳಿ: ಅದು ನಡೆಯೋದು ಯಾವ ತಿಂಗಳು, ಯಾವ ತಾರೀಖಿನ ಮೇಲೆ ಸೇರಿದವರಿಗೆ ಆ ವರ್ಷದ ಹೈಕ್ (ಸಂಬಳ ಏರಿಕೆ) ಇಲ್ಲ. ಡಿಸೆಂಬರ್‌ನಲ್ಲಿ ಸೇರಿ ಏಪ್ರಿಲ್ ಹೈಕ್ ತಪ್ಪಿದರೆ ಹದಿನಾರು ತಿಂಗಳು ಅದೇ ಸಂಬಳ.

ಯಾರಿಗೆ ಏನು ಕೇಳ್ತೀರಿ ಅನ್ನೋದರಲ್ಲೇ ಬಹಳಷ್ಟು ಕೆಡೋದು. ರಾತ್ರಿ ಫೋನ್ ಎಷ್ಟು ಬರುತ್ತೆ ಅಂತ ಎಚ್‌ಆರ್‌ಗೆ ಗೊತ್ತಿರಲ್ಲ. ಗ್ರಾಚ್ಯುಟಿಯನ್ನ ಸಿಟಿಸಿಯಲ್ಲಿ (ನಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಸೇರಿಸಿದ್ದಾರಾ ಅಂತ ಟೆಕ್ ಲೀಡ್‌ಗೆ ಗೊತ್ತಿರಲ್ಲ. ಮ್ಯಾನೇಜರ್ ಪಕ್ಕದಲ್ಲಿ ಕೂತಿರುವಾಗ ಟೀಮಿನ ಹುಡುಗಿಯನ್ನ "ವೀಕೆಂಡ್ ಕೆಲಸ ಇರುತ್ತಾ?" ಅಂತ ಕೇಳಿದರೆ ಪಾಪ, ಏನು ಹೇಳಿಯಾಳು? ಒಂದೇ ಪ್ರಶ್ನೆಯನ್ನ ಬೇರೆ ಬೇರೆ ರೌಂಡಿನಲ್ಲಿ ಇಬ್ಬರಿಗೆ ಕೇಳಿ ನೋಡಿ. ಮ್ಯಾನೇಜರ್ "ಎರಡು ವಾರಕ್ಕೊಂದು ರಿಲೀಸ್, ಆರಾಮ" ಅಂದು, ಡೆವಲಪರ್ "ರಿಲೀಸ್ ರಾತ್ರಿ ಇರಲೇಬೇಕಾಗುತ್ತೆ" ಅಂದರೆ ಇಬ್ಬರೂ ನಿಜವನ್ನೇ ಹೇಳ್ತಿರಬಹುದು. ಮ್ಯಾನೇಜರ್‌ಗೆ ಆ ರಾತ್ರಿ ಕಾಣಿಸ್ತಾ ಇಲ್ಲ, ಅಷ್ಟೇ.

ಬೇರೆ ಕಂಪನಿಗಳಿಗೆ ಕೆಲಸ ಮಾಡಿಕೊಡುವ ಸರ್ವೀಸ್ ಕಂಪನಿಗಳಲ್ಲಿ ಈ ಕಸರತ್ತು ಅರ್ಧಕ್ಕರ್ಧ ವ್ಯರ್ಥ, ಯಾಕಂದರೆ ನಿಮ್ಮ ಇಂಟರ್‌ವ್ಯೂ ಮಾಡಿದವರು ನಿಮ್ಮ ಬಾಸ್ ಆಗದೇ ಇರಬಹುದು. ಅಲ್ಲಿ ಕೇಳಬೇಕಾದ್ದು ಬೇರೆ: ಪ್ರಾಜೆಕ್ಟ್ ಖಚಿತವಾಗಿದೆಯಾ, ಕ್ಲೈಂಟ್ ಯಾವ ದೇಶದವರು, ಅವರ ಆಫೀಸಿನಲ್ಲಿ ಕೂರಬೇಕಾ, ಪ್ರಾಜೆಕ್ಟ್ ಇಲ್ಲದಿದ್ದಾಗ ಬೆಂಚ್ ಮೇಲೆ ಎಷ್ಟು ದಿನ ಇಟ್ಟುಕೊಳ್ತಾರೆ.

ಇನ್ನು ಎಚ್‌ಆರ್‌ಗೆ. "ಮೂವತ್ತು ದಿನದಲ್ಲಿ ಬರಬೇಕು" ಅಂತ ಒತ್ತಾಯ ಮಾಡುವ ಕಂಪನಿ ತನ್ನ ನೌಕರರಿಗೆ ಎಷ್ಟು ದಿನದ ನೋಟಿಸ್ ಪೀರಿಯಡ್ ಇಟ್ಟಿದೆ ಕೇಳಿ. 90 ಅಂದರೆ, ಬೈಔಟ್ (ಉಳಿದ ದಿನಗಳ ಬದಲು ಹಣ ಕಟ್ಟಿ ಬೇಗ ಬಿಡೋದು) ಇದೆಯಾ, ಅದು ನಮ್ಮ ಇಷ್ಟವಾ ಮ್ಯಾನೇಜರ್ ಇಷ್ಟವಾ. ಬಾಂಡ್ (ಇಷ್ಟು ಕಾಲದೊಳಗೆ ಬಿಟ್ಟರೆ ಇಷ್ಟು ಹಣ ಕಟ್ತೀನಿ ಅನ್ನೋ ಒಪ್ಪಂದ) ಇದ್ದರೆ ಮೊತ್ತ, ಅವಧಿ, ಪ್ರತಿ ತಿಂಗಳು ಕಡಿಮೆಯಾಗುತ್ತಾ ಎಲ್ಲ ಬರಹದಲ್ಲಿ ಬೇಕು. "ಬಾಂಡ್ ಕೋರ್ಟಿನಲ್ಲಿ ನಿಲ್ಲಲ್ಲ ಬಿಡು ಮಗಾ" ಅನ್ನೋ ಗೆಳೆಯರ ಮಾತು ಕೇಳಿ ಸಹಿ ಹಾಕಬೇಡಿ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷ, 2 ಲಕ್ಷ ರೂಪಾಯಿಯ ಬಾಂಡನ್ನ ಎತ್ತಿಹಿಡಿದಿದೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ತೀವಿ ಅಂದರೆ ಮಾತ್ರ ಚರ್ಚೆ ಬೇಡ, ಎದ್ದು ಬನ್ನಿ.

ಕೇಳದೆಯೇ ನೋಡಬಹುದಾದ್ದೂ ಇದೆ. ಆಫೀಸಿಗೆ ಕರೆದಿದ್ದರೆ ನೋಟಿಸ್ ಬೋರ್ಡ್ ಮೇಲೆ ಕಣ್ಣು ಹಾಯಿಸಿ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು, ಅದನ್ನ ರಚಿಸಿದ ಆದೇಶ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು. ಹೊರಗಿನ ಸದಸ್ಯರ ಹೆಸರೂ ಇದೆಯಾ, ಪಟ್ಟಿಯಲ್ಲಿರುವವರು ಇನ್ನೂ ಅಲ್ಲೇ ಕೆಲಸ ಮಾಡ್ತಿದ್ದಾರಾ? ಹಾಗೇ ಸಂಜೆ ಏಳರ ರೌಂಡ್ ಇದ್ದರೆ ಎಷ್ಟು ಕುರ್ಚಿ ತುಂಬಿವೆ ಅಂತ ನೋಡಿಕೊಳ್ಳಿ.

ರಜೆ, ಆಫೀಸಿಗೆ ಬರುವ ದಿನ, ವೇರಿಯಬಲ್ ಪೇ (ಸಂಬಳದಲ್ಲಿ ಹೆಚ್ಚುಕಡಿಮೆ ಆಗುವ ಭಾಗ) ಬಗ್ಗೆ ಮೊದಲ ರೌಂಡಿನಲ್ಲಿ ಬಾಯಿ ಬಿಡಬೇಡಿ. ಆಫರ್ ಬಂದು ಸಹಿ ಹಾಕುವ ಮುಂಚಿನ ಎರಡು ಮೂರು ದಿನ ಮಾತ್ರ ಅವರಿಗೆ ನೀವು ಬೇಕಾಗಿರೋದು. ಆಗ ವೇರಿಯಬಲ್ ಕಳೆದ ಎರಡು ವರ್ಷ ಶೇಕಡಾ ಎಷ್ಟು ಕೊಟ್ಟರು ಕೇಳಿ, ಪಾಲಿಸಿಯ ಪಿಡಿಎಫ್ ಕೇಳಿ, "ಮ್ಯಾನೇಜರ್ ಇಲ್ಲದೆ ಟೀಮಿನವರೊಬ್ಬರ ಜೊತೆ ಇಪ್ಪತ್ತು ನಿಮಿಷ ಮಾತಾಡಬಹುದಾ?" ಅಂತ ಕೇಳಿ. ಫೋನಿನಲ್ಲಿ "ವಾರಕ್ಕೆ ಎರಡೇ ದಿನ ಆಫೀಸು" ಅಂದರೆ ಫೋನ್ ಇಟ್ಟ ಕೂಡಲೇ ಮೇಲ್ ಹಾಕಿ: "ಈಗ ಮಾತಾಡಿದ ಹಾಗೆ ವಾರಕ್ಕೆ ಎರಡು ದಿನ ಆಫೀಸು, ಸರಿ ತಾನೇ?" ಆ ಒಂದು ಸಾಲಿಗೆ "ಎಸ್" ಅಂತ ಬರೆಯೋಕೆ ಎರಡು ದಿನ ತಗೊಂಡು, ಕೊನೆಗೆ "ಕಾಲ್ ಮಾಡ್ತೀನಿ" ಅಂತ ಉತ್ತರ ಬಂದರೆ ಸಹಿಯನ್ನ ನೀವೂ ಎರಡು ದಿನ ತಡ ಮಾಡಿ.