ಡಿಕ್ರಿ ಐತಿ, ಕಬ್ಜಾ ಇಲ್ಲ

14 ಜುಲೈ 2025, ಸೋಮವಾರ
ಧಾರವಾಡ

ರೋಣದ ಕಾಕಾ ಹೊಲದ ಬದುವಿನ ದಾವೆಗೆ ಕೋರ್ಟಿಗೆ ಬಂದಿದ್ದ. ಮತ್ತೆ ಮುಂದಿನ ತಾರೀಖು. ಮಳೆ ಹಿಡಿದಿತ್ತು, ಊರಿಗೆ ಹೋಗಗೊಡಲಿಲ್ಲ.

ಮಗಳು ಸಪ್ತಾಪುರದ ಕ್ಲಾಸಿನ ನೋಟ್ಸು ತೊಡೆ ಮೇಲಿಟ್ಟುಕೊಂಡೇ ಉಣ್ಣುತ್ತಿದ್ದಳು. "ಏನ್ ಓದಾಕತ್ತೀ ತಂಗಿ?" ಅಂದ ಕಾಕಾ. ಫಿಲಿಪ್ಪೀನ್ಸ್, ಚೀನಾ, ಸಮುದ್ರದ ಗಡಿ ಅಂದಳು. ಮುದುಕನಿಗೆ ಬೇಸರವಾದೀತು ಅಂದುಕೊಂಡೆ. ಅವನು ತುತ್ತು ಕೈಯಲ್ಲೇ ಹಿಡಿದು, "ಹದ್ದಿನ ಜಗಳ ಏನು? ಹೇಳು" ಅಂದ.

ಮಗಳು ಹೇಳತೊಡಗಿದಳು. 1991ರಲ್ಲಿ ಫಿಲಿಪ್ಪೀನ್ಸಿನ ಸೆನೆಟ್ ತನ್ನ ನೆಲದಲ್ಲಿ ಅಮೆರಿಕದ ಸೇನಾ ನೆಲೆ ಬೇಡ ಎಂದು ಮತ ಹಾಕಿತು. ಮರುವರ್ಷ ಸುಬಿಕ್ ಬೇ ಎಂಬ ಅಮೆರಿಕದ ನೌಕಾನೆಲೆ ಖಾಲಿ. 1995ರಲ್ಲಿ ನೋಡಿದರೆ ಮಿಸ್‌ಚೀಫ್ ರೀಫ್ ಎಂಬ ಹವಳದ ದಿಬ್ಬದ ಮೇಲೆ ಚೀನಾ ಕಂಬ ನೆಟ್ಟು ಗುಡಿಸಲು ಹಾಕಿದೆ. ಮೀನುಗಾರರ ಆಸರೆಗೆ ಅಂತ ಹೇಳಿದರು. ಈಗ ಅಲ್ಲಿ ವಿಮಾನ ಇಳಿಯುತ್ತದೆ.

"ಮೊದಲ ಹಂಗ ಅಂತಾರ. ದನಾ ಕಟ್ಟಾಕ ಅಷ್ಟ, ಅಂತಾರ" ಅಂದ ಕಾಕಾ.

1999ರಲ್ಲಿ ಫಿಲಿಪ್ಪೀನ್ಸ್ ತನ್ನ ಹಳೇ ಹಡಗೊಂದನ್ನು, ಎರಡನೇ ಮಹಾಯುದ್ಧದ ಕಾಲದ್ದು, ಸಿಯೆರಾ ಮಾದ್ರೆ ಅಂತ ಹೆಸರು, ಸೆಕೆಂಡ್ ಥಾಮಸ್ ಶೋಲ್ ಎಂಬ ಇನ್ನೊಂದು ದಿಬ್ಬದ ಮೇಲೆ, ತನ್ನ ಹಕ್ಕು ಉಳಿಸಿಕೊಳ್ಳಲು, ಬೇಕೆಂದೇ ಹತ್ತಿಸಿ ನಿಲ್ಲಿಸಿತು. ತುಕ್ಕು ಹಿಡಿದ ಅದರೊಳಗೆ ಇಂದಿಗೂ ಒಂದಿಷ್ಟು ಸೈನಿಕರಿದ್ದಾರೆ. ಅವರಿಗೆ ಅಕ್ಕಿ, ನೀರು ಒಯ್ಯುವ ದೋಣಿಗಳ ಮೇಲೆ ಚೀನಾ ಜಲಫಿರಂಗಿ ಹಾರಿಸಿದೆ. 2024ರ ಜೂನಿನಲ್ಲಿ ಒಬ್ಬ ನಾವಿಕನ ಹೆಬ್ಬೆರಳೇ ಹೋಯಿತು.

ಕಾಕಾ ತುತ್ತು ತಟ್ಟೆಗೆ ಇಳಿಸಿದ. "ನಾನೂ ಬದುವಿನ ಮ್ಯಾಲೆ ಗುಡಸಲಾ ಹಾಕಿ ಮಲಗಲಿಲ್ಲೇನವ್ವಾ? ನಿಮ್ಮ ಚಿಗವ್ವ ಆ ಬಿಸಲಾಗ ರೊಟ್ಟಿ ಕಟಗೊಂಡು ಬರತಿದ್ಲು." ನನ್ನ ಕಡೆ ನೋಡಿ ಅಂದದ್ದು. ಚಿಗವ್ವ ಹೋಗಿ ಐದು ವರ್ಷ. ನನಗೆ ಮಾತು ಹೊರಡಲಿಲ್ಲ.

2016ರ ಜುಲೈ 12ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿ, ದಕ್ಷಿಣ ಚೀನಾ ಸಮುದ್ರದ ನಕ್ಷೆಯ ಮೇಲೆ ಚೀನಾ ಎಳೆದುಕೊಂಡ ಒಂಬತ್ತು ಗೀಟಿನ ರೇಖೆಯೊಳಗೆ ಅದು ಹೇಳುವ ಐತಿಹಾಸಿಕ ಹಕ್ಕಿಗೆ ಕಾನೂನಿನ ಆಧಾರವಿಲ್ಲ ಅಂದಿತು. ಚೀನಾ ಒಪ್ಪಲೇ ಇಲ್ಲ.

"ಡಿಕ್ರಿ ಐತಿ, ಕಬ್ಜಾ ಇಲ್ಲ" ಅಂದ ಕಾಕಾ.

ಬ್ರಹ್ಮೋಸ್ ಕ್ಷಿಪಣಿಯ ವಿಷಯ ಬಂದಾಗ ಮಗಳ ಮುಖ ಅರಳಿತು. ಫಿಲಿಪ್ಪೀನ್ಸ್ ಜೊತೆ 2022ರ ಒಪ್ಪಂದ, ಸುಮಾರು 37.5 ಕೋಟಿ ಡಾಲರ್; 2024ರ ಏಪ್ರಿಲ್‌ನಲ್ಲಿ ನಮ್ಮಿಂದ ಮೊದಲ ಕಂತು ಹೋಯಿತು. ದಶಕಗಟ್ಟಲೆ ದಕ್ಷಿಣದ ಮಿಂಡನಾವೊ ದ್ವೀಪದ ಕಾಡು ಗುಡ್ಡಗಳಲ್ಲಿ ಸ್ವಂತ ನಾಡಿನ ಬಂಡುಕೋರರ ಕಡೆ ಬಂದೂಕು ಹಿಡಿದಿದ್ದ ಸೈನ್ಯ ಈಗ ಕಡಲಿನ ಕಡೆ ಮುಖ ತಿರುಗಿಸಿದೆ. ನನಗೂ ಹೆಮ್ಮೆಯೇ. ಆದರೆ ಮನಸ್ಸಿಗೆ ಕುಟುಕುವುದು ಬೇರೆ. ತಮ್ಮನ್ನು ಆಳಿದವರನ್ನೇ ಮತ ಹಾಕಿ ಹೊರಗೆ ಕಳಿಸಿದ ನಾಡು ಅದು. 2014ರಲ್ಲಿ ಮತ್ತೆ ಅದೇ ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡಿತು. 2023ರ ಹೊತ್ತಿಗೆ ಅವರ ಸೈನ್ಯ ಬಂದು ಹೋಗಿ ಮಾಡಲು ಒಂಬತ್ತು ಠಾಣೆ. ಕೆಲವು ತೈವಾನ್ ದಿಕ್ಕಿಗೇ ಇವೆ. 1991ರ ಆ ಮತ ತಪ್ಪು ಅಂತ ಹೇಳಲು ನನ್ನಿಂದಾಗುವುದಿಲ್ಲ.

ಕಾಕಾನಿಗೆ ಇದನ್ನೇ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. "ಊರಾಗ ದೊಡ್ಡವರ ಬೆನ್ನ ಹಿಂದ ನಾನೂ ನಿಂತೆ. ಬದು ಉಳೀತು. ಆದರ ಅವರ ಜಗಳಾನೂ ನನ್ನ ಜಗಳಾನ ಆತವಾ."

ಈಗ ಪಡಸಾಲೆಯಲ್ಲಿ ಮಲಗಿದ್ದಾನೆ, ಕಾಗದದ ಚೀಲ ತಲೆದಿಂಬಿನಡಿ. ಹೆಸರು ಬೆಳೆಗೆ ಎಡೆ ಹೊಡೆಯುವುದಿದೆ, ಮೊದಲ ಬಸ್ಸಿಗೇ ಹೋಗಬೇಕಂತೆ. ಮಗಳ ಕೋಣೆಯ ದೀಪ ಆರಿಲ್ಲ. ಈಗಷ್ಟೇ ಬಂದು ಕೇಳಿದಳು, ಅಮ್ಮಾ, ಆ ಹಡಗು ಒಂದು ದಿನ ಮುರಿದು ಬಿದ್ದರೆ, ಒಳಗಿದ್ದವರು ಎಲ್ಲಿಗೆ ಹೋಗುತ್ತಾರೆ?